ಬಿ.ಪಿ. ಮಾತ್ರೆ ನಿಲ್ಲಿಸುವ ಮುನ್ನ

“ಫಾದರ್, ಬಿ.ಪಿ. ನಾರ್ಮಲ್‌ಗೆ ಬಂತು. ಮಾತ್ರೆ ನಿಲ್ಲಿಸಿಬಿಟ್ಟೆ.”

ಭಾನುವಾರದ ಬಲಿಪೂಜೆ ಮುಗಿದು ಜನರು ಹೊರಬರುವ ಹೊತ್ತಿನಲ್ಲಿ ಈ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ಪರೀಕ್ಷೆ ಪಾಸಾದ ಮಗುವಿನ ಸಂತೋಷವಿರುತ್ತದೆ. ಹಾಗೆ ಹೇಳಿದವರಲ್ಲಿ ಶ್ರೀನಿವಾಸಪುರದ ಕಡೆ ಮಾವಿನ ತೋಟ ಮಾಡಿಕೊಂಡಿದ್ದ ಹಿರಿಯರೊಬ್ಬರಿದ್ದರು. ಕಾಯಿ ಕೀಳುವ ಕೆಲಸ ಶುರುವಾಯಿತೆಂದರೆ ತೋಟ, ಮಂಡಿ, ಲಾರಿ ಎಂದು ಓಡಾಡುವ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಆ ಸುಗ್ಗಿಯಲ್ಲಿ ಎರಡು ಮೂರು ದಿನ ಮಾತ್ರೆ ಮರೆತರು. ತಲೆ ಸುತ್ತಲಿಲ್ಲ, ಎದೆ ನೋಯಲಿಲ್ಲ. ಮಂಡಿಯ ಹತ್ತಿರ ಯಾರೋ ನೋಡಿದಾಗ ಬಿ.ಪಿ. ಸರಿಯಾಗಿಯೇ ಇತ್ತು. ‘ಮಾತ್ರೆಯಿಲ್ಲದೆಯೂ ನಡೆಯುತ್ತದಲ್ಲ’ ಎಂದು ಪೂರ್ತಿ ನಿಲ್ಲಿಸಿದರು. ನನಗೆ ಬಂದು ಹೇಳಿದಾಗ ನಾನೂ ‘ಒಳ್ಳೆಯದಾಯಿತು’ ಎಂದು ಕೈಕುಲುಕಿದೆ.

ನವೆಂಬರ್ ತಿಂಗಳ ಒಂದು ಬೆಳಗಿನ ಜಾವ ಅವರ ಮಗಳ ಫೋನ್ ಬಂತು. ಅಭ್ಯಂಗದ ತೈಲ ಹಿಡಿದು ಆಸ್ಪತ್ರೆಗೆ ಹೋದೆ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ನನ್ನನ್ನು ನೋಡಿ ಏನೋ ಹೇಳಲು ಯತ್ನಿಸಿದರು, ಮಾತು ಹೊರಡಲಿಲ್ಲ. ಅವರ ಜೀವ ಉಳಿಯಿತು. ಆದರೆ ಅಂದು ನಾನು ‘ಒಳ್ಳೆಯದಾಯಿತು’ ಎನ್ನುವ ಬದಲು ‘ವೈದ್ಯರನ್ನು ಕೇಳಿದಿರಾ?’ ಎಂದು ಒಂದು ಮಾತು ಕೇಳಬಹುದಾಗಿತ್ತು. ಆ ಒಂದು ಮಾತಿನ ಸಲುವಾಗಿಯೇ ಇಂದಿನ ಈ ಪಾಠ.

ರಕ್ತದ ಒತ್ತಡವೆಂದರೇನು?

ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನಾವು ಸುಮ್ಮನೆ ಕುಳಿತಿದ್ದಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುತ್ತದೆ. ಈ ರಕ್ತ ಶರೀರದಲ್ಲಿ ಸುತ್ತಿ ಮತ್ತೆ ಹೃದಯಕ್ಕೇ ಮರಳುತ್ತದೆಂದು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ತೋರಿಸಿಕೊಟ್ಟರು. ಹೃದಯವು ಒಂದು ಸ್ನಾಯುವೇ ಹೊರತು ಬೇರೇನೂ ಅಲ್ಲವೆಂದು 1660ರ ದಶಕದಲ್ಲಿ ವಿವರಿಸಿದವರು ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್. ಅವರು ಮುಂದೆ ಕಥೋಲಿಕರಾಗಿ, ಗುರುವಾಗಿ, 1677ರಲ್ಲಿ ಧರ್ಮಾಧ್ಯಕ್ಷರಾದರು. 1988ರಲ್ಲಿ ಎರಡನೇ ಜಾನ್ ಪೌಲ್ ಜಗದ್ಗುರುಗಳು ಅವರನ್ನು ಪುನೀತರೆಂದು ಸಾರಿದರು. ರಕ್ತದ ಒತ್ತಡವನ್ನು ಮೊದಲು ಅಳೆದವರೂ ಒಬ್ಬ ಪಾದ್ರಿಗಳೇ. ಆಂಗ್ಲಿಕನ್ ಸಭೆಯ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತವು 8 ಅಡಿಗೂ ಮೇಲಕ್ಕೇರಿತೆಂದು 1733ರಲ್ಲಿ ಬರೆದರು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಈಗಿನ ವಿಧಾನಕ್ಕೆ ಬುನಾದಿ ಹಾಕಿದವರು ಇಟಲಿಯ ರಿವಾ-ರೋಚಿ, 1896ರಲ್ಲಿ.

ಅಳತೆಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಹೃದಯ ಕುಗ್ಗಿ ರಕ್ತವನ್ನು ನೂಕುವಾಗಿನ ಒತ್ತಡ ಮೇಲಿನದು. ಎರಡು ಬಡಿತಗಳ ನಡುವೆ ಹೃದಯ ಸಡಿಲವಾದಾಗ ನಾಳಗಳಲ್ಲಿ ಉಳಿದಿರುವ ಒತ್ತಡ ಕೆಳಗಿನದು. ಬೇರೆ ಬೇರೆ ದಿನ, ನೆಮ್ಮದಿಯಾಗಿ ಕುಳಿತು ನೋಡಿಸಿಕೊಂಡಾಗಲೂ ಮೇಲಿನದು 140 ಅಥವಾ ಕೆಳಗಿನದು 90 ದಾಟುತ್ತಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ.

ಕೋಲಾರ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ ಮೋಟರು ನೀರನ್ನು ನೂಕುತ್ತದೆ, ದೊಡ್ಡ ಪೈಪಿನಿಂದ ಸಣ್ಣ ಡ್ರಿಪ್ ಪೈಪುಗಳಿಗೆ ನೀರು ಹಂಚಿಹೋಗುತ್ತದೆ, ಕೊನೆಗೆ ಗಿಡದ ಬುಡದಲ್ಲಿ ತೊಟ್ಟಿಕ್ಕುತ್ತದೆ. ಒತ್ತಡ ಕಡಿಮೆಯಾದರೆ ಕೊನೆಯ ಸಾಲಿನ ಗಿಡ ಒಣಗುತ್ತದೆ. ಒತ್ತಡ ಮಿತಿಮೀರಿದರೆ ಎಲ್ಲೋ ಒಂದು ಕಡೆ ಪೈಪು ಸೀಳುತ್ತದೆ, ಮೋಟರೂ ಸೋಲುತ್ತದೆ. ಶರೀರದ ಕಥೆಯೂ ಇದೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಹೊಲದ ಪೈಪು ಹಳತಾದರೆ ಬದಲಾಯಿಸಬಹುದು. ಮಿದುಳಿನ ಕೂದಲೆಳೆಯಂಥ ನಾಳಗಳನ್ನು ಬದಲಾಯಿಸುವ ಅಂಗಡಿ ಇಲ್ಲ.

ನೋವಿಲ್ಲದ ಹಾನಿ

ಹಲ್ಲು ಹುಳುಕಾದರೆ ನೋಯುತ್ತದೆ, ಜ್ವರ ಬಂದರೆ ಮೈ ಸುಡುತ್ತದೆ. ರಕ್ತದ ಒತ್ತಡ ಮಾತ್ರ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ‘ಬಿ.ಪಿ. ಏರಿದರೆ ನನಗೆ ಗೊತ್ತಾಗುತ್ತದೆ’ ಎಂಬುದು ಬಹುಪಾಲು ತಪ್ಪು ನಂಬಿಕೆ. ಗೊತ್ತಾಗದ ಹಾಗೆಯೇ ವರ್ಷಗಟ್ಟಲೆ ಕೆಲಸ ನಡೆದಿರುತ್ತದೆ. ಒತ್ತಡ ತಡೆಯಲು ನಾಳಗಳ ಗೋಡೆ ದಪ್ಪವಾಗಿ ಬಿರುಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ರಕ್ತ ನೂಕಬೇಕಾದ ಹೃದಯದ ಸ್ನಾಯು ಉಬ್ಬಿ, ಕೊನೆಗೆ ಸೋತು ಹೋಗುತ್ತದೆ. ಕಿಡ್ನಿಯ ಸೋಸುಗಳು ಹಾಳಾಗುತ್ತವೆ. ಕಣ್ಣಿನ ಹಿಂಭಾಗದ ನಾಳಗಳು ಕೆಡುತ್ತವೆ. ಮಿದುಳಿನ ನಾಳ ಕಟ್ಟಿಕೊಂಡರೂ ಒಡೆದರೂ ಲಕ್ವ ಹೊಡೆಯುತ್ತದೆ.

ಇದು ಯಾರೋ ಕೆಲವರ ಕಾಯಿಲೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ 100ಕ್ಕೆ ಸುಮಾರು 35 ಮಂದಿಗೆ ಅಧಿಕ ರಕ್ತದೊತ್ತಡವಿದೆ.

ಮಾತ್ರೆ ಏನು ಮಾಡುತ್ತದೆ?

ಮೋಟರು ಮತ್ತು ಪೈಪಿನ ಹೋಲಿಕೆಯನ್ನೇ ಮುಂದುವರಿಸೋಣ. ಒತ್ತಡ ಇಳಿಸಲು ಮೂರು ದಾರಿಗಳಿವೆ: ನೀರು ಕಡಿಮೆ ಮಾಡುವುದು, ಪೈಪು ಅಗಲ ಮಾಡುವುದು, ಮೋಟರಿನ ವೇಗ ತಗ್ಗಿಸುವುದು. ವೈದ್ಯರು ಬರೆದುಕೊಡುವ ಮಾತ್ರೆಗಳು ಹೆಚ್ಚಾಗಿ ನಾಲ್ಕು ಗುಂಪಿನವು.

1. ಉಪ್ಪು ಮತ್ತು ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್ ಈ ಗುಂಪಿಗೆ ಸೇರುತ್ತವೆ. ರಾತ್ರಿ ನಿದ್ದೆ ಕೆಡದಿರಲೆಂದು ಇವನ್ನು ಬೆಳಗ್ಗೆ ಕೊಡುತ್ತಾರೆ.

2. ಸಣ್ಣ ಅಪಧಮನಿಗಳ ಗೋಡೆಯನ್ನು ಸಡಿಲಿಸುವ ಮಾತ್ರೆಗಳು. ಎಲ್ಲರಿಗೂ ಪರಿಚಯವಿರುವ ಅಮ್ಲೋಡಿಪಿನ್ ಇಲ್ಲಿಯದು. ಗೋಡೆಯ ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಒಳಗೆ ಬರಬೇಕು. ಆ ಬಾಗಿಲನ್ನು ಈ ಮಾತ್ರೆ ಮುಚ್ಚುತ್ತದೆ, ನಾಳ ಅಗಲವಾಗುತ್ತದೆ.

3. ‘ಬಿಗಿಯಾಗು’ ಎಂಬ ಸಂದೇಶವನ್ನೇ ತಡೆಯುವ ಮಾತ್ರೆಗಳು. ಕಿಡ್ನಿಯಿಂದ ಆರಂಭವಾಗುವ ಒಂದು ರಾಸಾಯನಿಕ ಸರಪಳಿಯು ನಾಳಗಳನ್ನು ಬಿಗಿಸಿ, ಉಪ್ಪನ್ನು ಹಿಡಿದಿಡುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್ ಆ ಸರಪಳಿಯ ಒಂದು ಕೊಂಡಿಯನ್ನೂ, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಇನ್ನೊಂದು ಕೊಂಡಿಯನ್ನೂ ಕಳಚುತ್ತವೆ.

4. ಹೃದಯದ ಬಡಿತವನ್ನು ನಿಧಾನಗೊಳಿಸುವ ಮಾತ್ರೆಗಳು. ಅಟೆನೊಲಾಲ್, ಮೆಟೊಪ್ರೊಲಾಲ್ ಇವುಗಳ ಹೆಸರು. ಹೃದಯಾಘಾತವಾದವರಿಗೆ, ಎದೆನೋವು ಇರುವವರಿಗೆ ಇವನ್ನು ವಿಶೇಷವಾಗಿ ಕೊಡುತ್ತಾರೆ.

‘ನನಗೆ ಎರಡು ಮಾತ್ರೆ ಕೊಟ್ಟಿದ್ದಾರೆ, ಕಾಯಿಲೆ ಬಲಿತಿರಬೇಕು’ ಎಂದು ಹೆದರಬೇಕಾಗಿಲ್ಲ. ಒಂದೇ ಮಾತ್ರೆಯ ಪ್ರಮಾಣ ಏರಿಸುವುದಕ್ಕಿಂತ ಎರಡು ಗುಂಪಿನ ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಒತ್ತಡ ಚೆನ್ನಾಗಿ ಇಳಿಯುತ್ತದೆ, ತೊಂದರೆಯೂ ಕಡಿಮೆ.

ಇದರಿಂದ ಸಿಗುವ ಲಾಭ ಸಣ್ಣದಲ್ಲ. ಲಕ್ಷಾಂತರ ರೋಗಿಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೇಲಿನ ಸಂಖ್ಯೆ 10ರಷ್ಟು ಇಳಿದರೆ ಲಕ್ವದ ಸಾಧ್ಯತೆ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆಂದು ಕಂಡುಬಂದಿದೆ.

ಮಾತ್ರೆಯಿಂದ ತೊಂದರೆಯೇ ಇಲ್ಲವೇ?

ಇದೆ. ಅದನ್ನು ಮುಚ್ಚಿಡುವುದರಿಂದಲೇ ಜನ ಹೆದರಿ ಮಾತ್ರೆ ಬಿಡುತ್ತಾರೆ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಒಳಬರುವ ಸಣ್ಣ ನಾಳ ಅಗಲವಾಗಿ, ಹೊರಹೋಗುವ ನಾಳ ಮೊದಲಿನಂತೆಯೇ ಇರುವುದರಿಂದ ನೀರಿನಂಶ ಕಾಲಿನ ಕಡೆ ಸೋರುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ರಕ್ತದಲ್ಲಿ ಪೊಟ್ಯಾಸಿಯಂ, ಸೋಡಿಯಂ ಇಳಿಯಬಹುದು. ಅಟೆನೊಲಾಲ್ ಗುಂಪಿನಿಂದ ನಾಡಿ ನಿಧಾನವಾಗಿ, ಕೈಕಾಲು ತಣ್ಣಗಾಗಿ, ಆಯಾಸವೆನಿಸಬಹುದು. ಆಸ್ತಮಾ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮೂರನೇ ಗುಂಪಿನ ಮಾತ್ರೆಗಳನ್ನು ಗರ್ಭಿಣಿಯರು ತೆಗೆದುಕೊಳ್ಳಬಾರದು. ತಾಯಿಯಾಗಲು ಬಯಸುವ ಹೆಣ್ಣುಮಕ್ಕಳು ವೈದ್ಯರಿಗೆ ತಿಳಿಸಿ ಮಾತ್ರೆ ಬದಲಾಯಿಸಿಕೊಳ್ಳಬೇಕು.

ವಯಸ್ಸಾದವರಿಗೆ ಇನ್ನೊಂದು ಎಚ್ಚರಿಕೆ. ನಾವು ಎದ್ದು ನಿಂತೊಡನೆ ರಕ್ತ ಕಾಲಿನ ಕಡೆ ಇಳಿಯುತ್ತದೆ. ನಾಳಗಳು ಕೂಡಲೇ ಬಿಗಿದು ಅದನ್ನು ಮಿದುಳಿಗೆ ಏರಿಸಬೇಕು. ವಯಸ್ಸಿನಿಂದಲೂ ಮಾತ್ರೆಯಿಂದಲೂ ಈ ಕೆಲಸ ತಡವಾದಾಗ ಕಣ್ಣು ಕತ್ತಲೆ ಬರುತ್ತದೆ. ಹಾಸಿಗೆಯಿಂದ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳಿ. ದೇವಾಲಯದಲ್ಲಿ ಮೊಣಕಾಲೂರಿದ್ದವರು ಬೆಂಚು ಹಿಡಿದು ನಿಧಾನವಾಗಿ ಎದ್ದರೆ ದೇವರೇನೂ ಬೇಸರಪಡುವುದಿಲ್ಲ. ತಲೆಸುತ್ತು ಪದೇ ಪದೇ ಬಂದರೆ ನಿಂತಾಗಲೂ ಬಿ.ಪಿ. ನೋಡಿಸಿರಿ. ಹಾಗೆಯೇ ವಾಂತಿ ಭೇದಿಯಾಗಿ ಶರೀರದ ನೀರು ಬತ್ತಿದಾಗ ಮಾತ್ರೆ ಮುಂದುವರಿಸಬೇಕೇ ಎಂದು ಅಂದೇ ವೈದ್ಯರನ್ನು ಕೇಳಿರಿ.

ತೊಂದರೆ ಏನೇ ಇರಲಿ, ಅದಕ್ಕೆ ಉತ್ತರ ಮಾತ್ರೆ ಬದಲಾಯಿಸುವುದು, ಬಿಡುವುದಲ್ಲ. ‘ಬಿ.ಪಿ. ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ’ ಎಂಬ ಮಾತು ಎಲ್ಲೆಡೆ ಹರಡಿದೆ. ಸತ್ಯ ಬಹುಮಟ್ಟಿಗೆ ತಿರುವುಮುರುವಾಗಿದೆ. ಕಿಡ್ನಿಯನ್ನು ಹಾಳುಮಾಡುವುದು ಹಿಡಿತಕ್ಕೆ ಬಾರದ ಒತ್ತಡ. ಮೂರನೇ ಗುಂಪಿನ ಮಾತ್ರೆಗಳನ್ನು ಮಧುಮೇಹವಿದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರ ಕಿಡ್ನಿ ಕಾಪಾಡಲೆಂದೇ ಕೊಡುತ್ತಾರೆ. ಆಗಾಗ ರಕ್ತಪರೀಕ್ಷೆ ಮಾಡಿಸಿಕೊಂಡರೆ ಸಾಕು.

‘ಗಿಡಮೂಲಿಕೆಯಾದರೆ ಅಡ್ಡಪರಿಣಾಮವಿಲ್ಲ’ ಎನ್ನುವವರೂ ಇದ್ದಾರೆ. ನಮ್ಮ ನಾಡಿನ ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಜಗತ್ತೇ ಭಾರತದ ಬೇರಿನತ್ತ ನೋಡಿತು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಔಷಧ ಬೇರ್ಪಡಿಸಲಾಯಿತು. ಅದು ಒತ್ತಡ ಇಳಿಸಿದ್ದೂ ನಿಜ, ಕೆಲವರ ಮನಸ್ಸು ಕುಗ್ಗಿಸಿದ್ದೂ ನಿಜ. ಬೇರಿನಲ್ಲಿರಲಿ ಮಾತ್ರೆಯಲ್ಲಿರಲಿ, ಕೆಲಸ ಮಾಡುವ ಔಷಧಕ್ಕೆ ಅಳತೆ ಬೇಕು, ಉಸ್ತುವಾರಿ ಬೇಕು.

ನಾರ್ಮಲ್ ಎಂದರೆ ಗುಣವಾಯಿತೆಂದೇ?

ಇದೇ ಈ ಪಾಠದ ತಿರುಳು. ತೋಟಕ್ಕೆ ಬೇಲಿ ಹಾಕಿದಿರಿ. ದನ ನುಗ್ಗಲಿಲ್ಲ. ‘ದನ ಬರುತ್ತಿಲ್ಲವಲ್ಲ, ಇನ್ನು ಬೇಲಿ ಏಕೆ?’ ಎಂದು ಯಾರಾದರೂ ಕೀಳುತ್ತಾರೆಯೇ? ದನ ಬಾರದಿರುವುದು ಬೇಲಿ ಇರುವುದರಿಂದಲೇ. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಬಿ.ಪಿ. 130 ಬಂದರೆ ಅದು ಮಾತ್ರೆಯ ಕೆಲಸ, ಕಾಯಿಲೆ ಹೋಯಿತೆಂದಲ್ಲ.

ಮರೆತ ಎರಡು ಮೂರು ದಿನಗಳಲ್ಲಿ ಏನೂ ಆಗದಿರುವುದಕ್ಕೂ ಕಾರಣವಿದೆ. ಅಮ್ಲೋಡಿಪಿನ್ ಶರೀರದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ; ಅದರ ಅರ್ಧಭಾಗ ಕರಗಲು ಒಂದೂವರೆ ದಿನದಷ್ಟು ಬೇಕು. ಹೀಗಾಗಿ ನಿಲ್ಲಿಸಿದ ಮರುದಿನವೂ ಒತ್ತಡ ಸರಿಯಾಗಿಯೇ ಕಾಣುತ್ತದೆ. ನಮ್ಮ ತೋಟದ ಹಿರಿಯರು ಮೋಸಹೋದದ್ದು ಇಲ್ಲಿಯೇ. ಅಂದು ಮಂಡಿಯಲ್ಲಿ ಯಂತ್ರ ತೋರಿಸಿದ್ದು ಹಿಂದಿನ ವಾರದ ಮಾತ್ರೆಯ ಬಲವನ್ನು. ಅಟೆನೊಲಾಲ್ ಗುಂಪಿನವು ಇದಕ್ಕೆ ವಿರುದ್ಧ. ಅವನ್ನು ಒಮ್ಮೆಲೇ ನಿಲ್ಲಿಸಿದರೆ ಹೃದಯ ಬಡಿತ ಥಟ್ಟನೆ ಏರಿ, ಹೃದ್ರೋಗಿಗಳಿಗೆ ಪ್ರಾಣಕ್ಕೇ ಅಪಾಯ ಬರಬಹುದು.

ಹಾಗಾದರೆ ಮಾತ್ರೆ ಎಂದೂ ಕಡಿಮೆಯಾಗುವುದಿಲ್ಲವೇ? ಆಗಬಹುದು. ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ, ಕುಡಿತ ಬಿಟ್ಟು, ದಿನವೂ ನಡೆದಾಡುವವರಿಗೆ ವೈದ್ಯರೇ ಪ್ರಮಾಣ ಇಳಿಸುವುದುಂಟು. ಬೇಲಿಯ ಕಂಬ ಯಾವಾಗ ಕೀಳಬಹುದೆಂದು ಅವರು ಹೇಳಲಿ.

ಅವಸರದ ಇಳಿಕೆಯೂ ಅಪಾಯ

1990ರ ದಶಕದಲ್ಲಿ ಬಿ.ಪಿ. ಏರಿದ ರೋಗಿಯ ನಾಲಿಗೆಯ ಕೆಳಗೆ ನಿಫೆಡಿಪಿನ್ ಕ್ಯಾಪ್ಸೂಲಿನ ದ್ರವ ಹಿಂಡುವ ಪದ್ಧತಿ ವ್ಯಾಪಕವಾಗಿತ್ತು. ನಿಮಿಷಗಳಲ್ಲಿ ಒತ್ತಡ ಕುಸಿಯುತ್ತಿತ್ತು. ಆದರೆ ಕೆಲವರಿಗೆ ಅದರಿಂದಲೇ ಲಕ್ವವೂ ಹೃದಯಾಘಾತವೂ ಆದದ್ದು ಗಮನಕ್ಕೆ ಬಂದು, 1996ರಲ್ಲಿ ತಜ್ಞರು ಇದನ್ನು ನಿಲ್ಲಿಸಬೇಕೆಂದು ಬರೆದರು. ಕಾರಣ ಸರಳ. ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಹೊಂದಿಕೊಂಡ ಮಿದುಳಿನ ನಾಳಗಳಿಗೆ ಅದು ಥಟ್ಟನೆ ಇಳಿದಾಗ ರಕ್ತ ಸಾಲುವುದಿಲ್ಲ. ವಾರಗಳ ಅವಧಿಯಲ್ಲಿ ಮೆಲ್ಲಗೆ ಇಳಿಸಿದರೆ ನಾಳಗಳು ಹೊಂದಿಕೊಳ್ಳುತ್ತವೆ. ಆದ್ದರಿಂದ ಒಂದು ದಿನ ಹೆಚ್ಚು ಬಂತೆಂದು ಮನೆಯಲ್ಲೇ ಎರಡು ಮೂರು ಮಾತ್ರೆ ನುಂಗಬೇಡಿ. ಪಕ್ಕದ ಮನೆಯವರ ಮಾತ್ರೆ ಪಡೆಯಬೇಡಿ.

ಆದರೆ ಮುಖ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತಿನಲ್ಲಿ ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬಾರದು.

ಉಪ್ಪಿನ ಜಾಡಿ ಮತ್ತು ನೋವಿನ ಮಾತ್ರೆ

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆ ವೈದ್ಯಶಾಸ್ತ್ರಕ್ಕೂ ಸರಿ. ತಿಂದ ಉಪ್ಪು ನೀರನ್ನು ಹಿಡಿದಿಡುತ್ತದೆ, ನಾಳಗಳಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾವಿನ ಊರಾದ ಶ್ರೀನಿವಾಸಪುರದಲ್ಲಿ ಉಪ್ಪಿನಕಾಯಿ ಜಾಡಿಯಿಲ್ಲದ ಮನೆಯುಂಟೇ? ಮುದ್ದೆಯ ಜೊತೆಗೆ ಉಪ್ಪುಸಾರು, ಮೇಲೆ ಹಪ್ಪಳ, ಉಪ್ಪಿನಕಾಯಿ. ಒಂದು ಕೈಯಿಂದ ಮಾತ್ರೆ ನುಂಗಿ ಇನ್ನೊಂದು ಕೈಯಿಂದ ಅದರ ಬಲ ಕಳೆದಂತೆ. ಸೈಂಧವ ಲವಣವೂ ಉಪ್ಪೇ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆಯಿರುವವರು, ಮೂರನೇ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಅದನ್ನು ಬಳಸಬಾರದು.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೆ ವಿಶೇಷವಾಗಿ ಸಂಬಂಧಿಸಿದ್ದು. ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಕೀಲುನೋವು ಬೆನ್ನುನೋವಿನಿಂದ ಬಳಲುವವರು ಬಹಳ. ಅಂಗಡಿಯಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವುದು ರೂಢಿಯಾಗಿದೆ. ಈ ನೋವಿನ ಮಾತ್ರೆಗಳು ಉಪ್ಪು ನೀರನ್ನು ಹಿಡಿದಿಟ್ಟು ಒತ್ತಡ ಏರಿಸುತ್ತವೆ, ಬಿ.ಪಿ. ಮಾತ್ರೆಯ ಬಲ ಕುಗ್ಗಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಕಿಡ್ನಿ ಕೆಟ್ಟಾಗ ಜನ ಬೈಯುವುದು ಮಾತ್ರ ಬಿ.ಪಿ. ಮಾತ್ರೆಯನ್ನು!

ಉಪವಾಸ, ಪ್ರಾರ್ಥನೆ ಮತ್ತು ಮಾತ್ರೆ

ಪರಮಪ್ರಸಾದ ಸ್ವೀಕರಿಸಬೇಕೆಂದು ಭಾನುವಾರದ ಬೆಳಗಿನ ಮಾತ್ರೆ ಬಿಡುವ ಅಜ್ಜಿಯಂದಿರು ಇಂದಿಗೂ ಇದ್ದಾರೆ. ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟದಿದ್ದ ಕಾಲದ ಹಳೆಯ ರೂಢಿ ಅದು. ಈಗಿನ ಧರ್ಮಸಭೆಯ ಕಾನೂನು 919 ಸ್ಪಷ್ಟವಾಗಿದೆ: ಪರಮಪ್ರಸಾದಕ್ಕೆ ಮುನ್ನಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧವಾಗಲಿ ಮುರಿಯುವುದಿಲ್ಲ. ವೃದ್ಧರಿಗೂ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಆ ಒಂದು ಗಂಟೆಯ ನಿಯಮವೂ ಇಲ್ಲ. ವಿಭೂತಿ ಬುಧವಾರ, ಶುಭ ಶುಕ್ರವಾರದ ಉಪವಾಸವೂ ರೋಗಿಗಳ ಮೇಲೆ ಹೊರಿಸಿದ ಭಾರವಲ್ಲ. ಆ ದಿನ ಉಪ್ಪಿನಕಾಯಿ ತ್ಯಜಿಸಿ, ಮಾತ್ರೆಯನ್ನಲ್ಲ.

ಪ್ರಾರ್ಥನಾ ಕೂಟದಲ್ಲಿ ಗುಣವಾಯಿತೆಂದು ಮಾತ್ರೆ ಎಸೆಯುವವರಿಗೆ ಒಂದು ಮಾತು. ಯೇಸುಸ್ವಾಮಿ ತಾವು ಗುಣಪಡಿಸಿದ ಕುಷ್ಠರೋಗಿಗಳನ್ನು ಯಾಜಕರಿಗೆ ತೋರಿಸಿಕೊಳ್ಳಲು ಕಳುಹಿಸಿದರು. ಅಂದರೆ ಗುಣವಾದದ್ದನ್ನು ಪರೀಕ್ಷಿಸಿ ನೋಡಲಿ ಎಂದು. ದೇವರು ಕೊಟ್ಟ ಸ್ವಸ್ಥತೆ ಬಿ.ಪಿ. ಯಂತ್ರಕ್ಕೆ ಹೆದರುವುದಿಲ್ಲ. ವೈದ್ಯರನ್ನು ಗೌರವಿಸಿರಿ, ಮಣ್ಣಿನಿಂದ ಬಂದ ಔಷಧವನ್ನು ಜರೆಯಬೇಡಿರೆಂಬ ಬೋಧನೆ ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ. ಮನೆಮಂದಿ ಒಟ್ಟಾಗಿ ಕುಳಿತು ಓದಿರಿ.

ಖರ್ಚಿನ ಚಿಂತೆ ಇರುವವರಿಗೂ ದಾರಿಯಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಮೊದಲು ಆರಂಭವಾದದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. ಮನೆ ಬಾಗಿಲಿಗೆ ಬಂದು 30 ವರ್ಷ ದಾಟಿದವರ ಬಿ.ಪಿ., ಸಕ್ಕರೆ ಕಾಯಿಲೆ ಪರೀಕ್ಷಿಸುವುದು ಅದರ ಉದ್ದೇಶ. ಬಂದವರನ್ನು ‘ನಮಗೇನೂ ಇಲ್ಲ’ ಎಂದು ಹಿಂದಕ್ಕೆ ಕಳುಹಿಸಬೇಡಿ. ‘ಏನೂ ಇಲ್ಲ’ ಎಂದು ತಿಳಿಯುವುದಕ್ಕೇ ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳಬೇಕು.

ತೋಟದ ಆ ಹಿರಿಯರು ಈಗ ಮನೆಯ ಜಗುಲಿಯಲ್ಲಿ ಕುಳಿತಿರುತ್ತಾರೆ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಮೊಮ್ಮಗಳು ನೀರು, ಮಾತ್ರೆ ತಂದಿಡುತ್ತಾಳೆ. ಅವರು ಎಡಗೈಯಿಂದ ತೆಗೆದುಕೊಳ್ಳುತ್ತಾರೆ. ಬಲಗೈ ಇನ್ನೂ ಏಳುವುದಿಲ್ಲ. ನಿಮ್ಮ ಮನೆಯಲ್ಲಿ ಬಲಗೈ ಗಟ್ಟಿಯಾಗಿರುವಾಗಲೇ ಆ ಅಭ್ಯಾಸ ಶುರುವಾಗಲಿ.

ಕುಟುಂಬದಲ್ಲಿ ಒಟ್ಟಾಗಿ ಯೋಚಿಸಿರಿ

1. ನಮ್ಮ ಮನೆಯಲ್ಲಿ 30 ವರ್ಷ ದಾಟಿದವರೆಲ್ಲರ ಬಿ.ಪಿ. ಕಳೆದ ಒಂದು ವರ್ಷದಲ್ಲಿ ನೋಡಿಸಿದ್ದೇವೆಯೇ?

2. ಮಾತ್ರೆ ತೆಗೆದುಕೊಳ್ಳುವವರು ಯಾರು? ಅದರ ಹೆಸರು, ಹೊತ್ತು ಮನೆಯ ಇನ್ನೊಬ್ಬರಿಗೂ ಗೊತ್ತಿದೆಯೇ?

3. ಯಾರಾದರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದ್ದಾರೆಯೇ? ಯಾವ ಹೆದರಿಕೆಯಿಂದ? ಈ ವಾರ ಯಾರು ಜೊತೆಗೆ ಆಸ್ಪತ್ರೆಗೆ ಹೋಗುತ್ತೀರಿ?